ಗಾಳಿ ಕೇಳಿ ಗಾಡಿ ತೆಗೆದೆವು: ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ 12 ದಿನ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವಳು ನಾನು. ಮಳೆ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅಂದುಕೊಂಡೇ ಮೇ ಕೊನೆಯಲ್ಲಿ ಇನ್ವರ್ನೆಸ್‌ನಲ್ಲಿ ಇಳಿದಿದ್ದೆ. ಎರಡನೇ ದಿನವೇ ಗೊತ್ತಾಯಿತು, ಅಲ್ಲಿನ ಮಳೆ ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ. ಕೊಡೆ ಬಿಚ್ಚಿದೆ, ಕೊಡೆಯೇ ಹೋಯಿತು.

ನಾವಿಬ್ಬರೂ ನಿವೃತ್ತರು. ಹೋಟೆಲಿನಿಂದ ಹೋಟೆಲಿಗೆ ಪೆಟ್ಟಿಗೆ ಎಳೆಯುವ ಬದಲು ಮೋಟರ್‌ಹೋಮ್, ಅಂದರೆ ಒಳಗೇ ಹಾಸಿಗೆ, ಅಡುಗೆ, ಟಾಯ್ಲೆಟ್ ಇರುವ ಗಾಡಿ, ಬಾಡಿಗೆಗೆ ತೆಗೆದುಕೊಂಡೆವು. ಪ್ರವಾಸಕ್ಕೆ ಹೋದವರು ನಮ್ಮ ಲೈಸೆನ್ಸಿನಲ್ಲೇ 12 ತಿಂಗಳವರೆಗೆ ಅಲ್ಲಿ ಗಾಡಿ ಓಡಿಸಬಹುದು, ಮೋಟರ್‌ಹೋಮ್ 3.5 ಟನ್ ಒಳಗಿರಬೇಕು ಅಷ್ಟೇ. ರಸ್ತೆಯಲ್ಲಿ ನಮ್ಮ ಹಾಗೇ ಎಡಕ್ಕೆ ಹೋಗುವುದು, ಆ ತಲೆನೋವೂ ಇಲ್ಲ. ಬಾಡಿಗೆ ಕೊಡುವವರು ವಯಸ್ಸಿನ ಮಿತಿ ಇಟ್ಟಿರುತ್ತಾರೆ, ನಮ್ಮಂಥವರು ಮೊದಲೇ ಕೇಳಿಕೊಳ್ಳುವುದು ವಾಸಿ.

ಇನ್ವರ್ನೆಸ್‌ನಿಂದ ಹೊರಟು ಉತ್ತರದ ಕರಾವಳಿ ಸುತ್ತಿ ಅಲ್ಲಿಗೇ ವಾಪಸ್ ಬರುವ ದಾರಿಗೆ ನಾರ್ತ್ ಕೋಸ್ಟ್ 500 ಅಂತ ಹೆಸರು. 516 ಮೈಲಿ, ಅಂದರೆ ಸುಮಾರು 830 ಕಿ.ಮೀ. ದಿನಕ್ಕೆ 120 ಕಿ.ಮೀ. ಹೊಡೆದರೆ ಒಂದು ವಾರಕ್ಕೆ ಮುಗಿಯಿತು, ಉಳಿದ ದಿನ ಆರಾಮ ಅಂತ ನಮ್ಮನೆಯವರು ಕಾಗದದ ಮೇಲೆ ಲೆಕ್ಕ ಹಾಕಿದ್ದರು. ಮೂರನೇ ದಿನ ಆ ಕಾಗದ ಕಿಟಕಿಯ ನೀರು ಒರೆಸಲು ಹೋಯಿತು.

ಅದಕ್ಕೆ ಮೊದಲ ಕಾರಣ ರಸ್ತೆ. ಪಶ್ಚಿಮದಲ್ಲಿ ಬಹಳಷ್ಟು ಕಡೆ ಒಂದೇ ಗಾಡಿ ಹಿಡಿಸುವ ದಾರಿ. ಸ್ವಲ್ಪ ಸ್ವಲ್ಪ ದೂರಕ್ಕೆ ರಸ್ತೆಯನ್ನು ಪಕ್ಕಕ್ಕೆ ಅಗಲ ಮಾಡಿ ಬಿಟ್ಟಿರುತ್ತಾರೆ, ಅದಕ್ಕೆ ಪಾಸಿಂಗ್ ಪ್ಲೇಸ್ ಅನ್ನುತ್ತಾರೆ. ಜಾಗ ನಮ್ಮ ಎಡಕ್ಕಿದ್ದರೆ ಒಳಗೆ ಸರಿದು ನಿಲ್ಲಬೇಕು. ಬಲಕ್ಕಿದ್ದರೆ ಅದರ ಎದುರಿಗೇ ರಸ್ತೆಯಲ್ಲಿ ನಿಂತು, ಎದುರಿನವರು ಅದರೊಳಗೆ ಹೋಗಲು ಬಿಡಬೇಕು. ಏರು ಹತ್ತುವವರಿಗೆ ಮೊದಲು ದಾರಿ. ಇದೆಲ್ಲ ಒಂದು ಗಂಟೆಯಲ್ಲಿ ಕೈಗೆ ಬಂತು. ಹಿಂದಿನಿಂದ ಬರುವವರ ವಿಷಯ ಮಾತ್ರ ತಡವಾಗಿ ತಲೆಗೆ ಹೋಯಿತು. ನಾವು ಬೆಟ್ಟ ನೋಡಿಕೊಂಡು ನಿಧಾನ ಹೋಗುತ್ತಿದ್ದೆವು, ಹಿಂದೆ ಐದಾರು ಕಾರು. ನಮಗೆ ಪ್ರವಾಸ, ಅವರಿಗೆ ಅದು ಕೆಲಸಕ್ಕೆ ಹೋಗುವ ದಾರಿ, ಅಲ್ವಾ? ಆಮೇಲಿಂದ ಕನ್ನಡಿ ನೋಡುವುದು ನನ್ನ ಕೆಲಸ ಆಯಿತು. "ರೀ, ಬಂದ್ರು" ಅಂದರೆ ಇವರು ಪಕ್ಕಕ್ಕೆ ಸರಿಯುತ್ತಿದ್ದರು. ದಾಟಿ ಹೋಗುವವರು ಕೈ ಎತ್ತಿ ಹೋಗುತ್ತಿದ್ದರು. ಆ ಜಾಗದಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು, ರಾತ್ರಿ ಮಲಗುವುದು ತಪ್ಪು.

ಆಪಲ್‌ಕ್ರಾಸ್ ಅನ್ನುವ ಕಡಲ ಪಕ್ಕದ ಹಳ್ಳಿಗೆ ಬೆಲಾಖ್ ನ ಬಾ ಅನ್ನುವ ಘಾಟಿ ಏರಿ ಹೋಗಬೇಕೆಂದು ಇವರಿಗೆ ಬಹಳ ಆಸೆ. 626 ಮೀಟರ್ ಎತ್ತರ, 5 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವ ಕಡಿದು, ಜೊತೆಗೆ ಹೇರ್‌ಪಿನ್ ತಿರುವುಗಳು. ಕೆಳಗೆ ದೊಡ್ಡ ಬೋರ್ಡೇ ಇದೆ, ತುಂಬಾ ದೊಡ್ಡ ಗಾಡಿ ಮತ್ತು ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ) ಬೇಡ ಅಂತ. "ನಮ್ಮದು ಅಷ್ಟೇನೂ ದೊಡ್ಡದಲ್ಲ ಕಣೇ" ಅಂದರು. ಮೇಲೆ ಮೋಡ ಇಳಿದು ಬೆಟ್ಟವೇ ಕಾಣುತ್ತಿರಲಿಲ್ಲ. ನಾನು ಮಾತಾಡಲಿಲ್ಲ. ಐದು ನಿಮಿಷ ಸುಮ್ಮನೆ ಕೂತು, ಗಾಡಿ ತಿರುಗಿಸಿ ಶೀಲ್‌ಡೇಗ್ ಕಡೆಯಿಂದ ಸಮುದ್ರದ ಪಕ್ಕ ಸುತ್ತು ಹಾಕಿಕೊಂಡು ಹೋದರು. ಆ ದಾರಿಯೂ ಕಿರಿದೇ, ಆದರೆ ಪ್ರಪಾತ ಇಲ್ಲ.

ಎರಡನೇ ಕಾರಣ ಗಾಳಿ. ಮೋಟರ್‌ಹೋಮ್ ಅಂದರೆ ಚಕ್ರದ ಮೇಲಿನ ಬೀರು, ಪಕ್ಕದಿಂದ ಗಾಳಿ ತಳ್ಳಿದರೆ ಸ್ಟೀರಿಂಗ್ ಕೈಯಲ್ಲೇ ಎಳೆಯುತ್ತದೆ. ಉಲ್ಲಾಪೂಲ್ ಅನ್ನುವ ಊರಿನ ಕ್ಯಾಂಪ್‌ಸೈಟಿನಲ್ಲಿ ಕಡಲು ಚೆನ್ನಾಗಿ ಕಾಣಲಿ ಅಂತ ಗಾಡಿಯನ್ನು ಅಡ್ಡ ನಿಲ್ಲಿಸಿದ್ದೆವು. ರಾತ್ರಿ ಎರಡರ ಹೊತ್ತಿಗೆ ಹಾಸಿಗೆ ತೊಟ್ಟಿಲಾಯಿತು. ಇಂಥ ಹೊತ್ತಲ್ಲಿ ಗಾಡಿಯ ಮೂತಿ ಗಾಳಿಗೆ ಎದುರಾಗಿರಬೇಕು ಅಂತ ಇವರು ಎದ್ದು ಎಂಜಿನ್ ಚಾಲೂ ಮಾಡೇಬಿಟ್ಟರು. ಕರೆಂಟಿನ ವೈರು ಇನ್ನೂ ಕಂಬದಲ್ಲೇ ಸಿಕ್ಕಿಸಿತ್ತು. "ರೀ, ವೈರು!" ಅಂತ ಕಿರುಚಿದ ನನ್ನ ದನಿಗೆ ಪಕ್ಕದ ಗಾಡಿಯಲ್ಲೂ ದೀಪ ಹತ್ತಿತು. ರೇನ್‌ಕೋಟು ಹಾಕಿಕೊಂಡು ನಾನೇ ಇಳಿದೆ. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದೇ ತೆರೆಯಬೇಕು, ಇಲ್ಲದಿದ್ದರೆ ಗಾಳಿ ಕೀಲುಸಮೇತ ಕಿತ್ತುಕೊಂಡು ಹೋಗುತ್ತದೆ.

ಮರುದಿನ ನಮ್ಮದೇ ಒಂದು ನಿಯಮ ಮಾಡಿಕೊಂಡೆವು. ಬೆಳಿಗ್ಗೆ ಟೀ ಜೊತೆ ಮೆಟ್ ಆಫೀಸಿನ, ಅಂದರೆ ಅಲ್ಲಿನ ಹವಾಮಾನ ಇಲಾಖೆಯ, ಮುನ್ಸೂಚನೆ. ಅದರಲ್ಲಿ ಮಳೆಯ ಚಿತ್ರ ನೋಡುವುದಿಲ್ಲ, ಗಾಳಿಯ ಸರಾಸರಿಯನ್ನೂ ನೋಡುವುದಿಲ್ಲ. ಬೀಸಿ ಬರುವ ಹೊಡೆತ, ಗಸ್ಟ್ ಅನ್ನುತ್ತಾರಲ್ಲ, ಅದು ಗಂಟೆಗೆ 40 ಮೈಲಿ ದಾಟಿದರೆ ಗಾಡಿ ತೆಗೆಯುವುದಿಲ್ಲ. ಹೀಗೆ ಉಲ್ಲಾಪೂಲ್‌ನಲ್ಲೇ ಎರಡು ದಿನ ಹೆಚ್ಚಿಗೆ ಕೂತೆವು. ಈಶಾನ್ಯ ತುದಿಯ ಜಾನ್ ಓ ಗ್ರೋಟ್ಸ್ ಕೈಬಿಟ್ಟು, ಉತ್ತರ ಕರಾವಳಿಯ ಡರ್ನೆಸ್‌ವರೆಗೆ ಹೋಗಿ, ಒಳನಾಡಿನ ಲೇರ್ಗ್ ಮೇಲೆ ವಾಪಸ್ ಅಂತ ತೀರ್ಮಾನವಾಯಿತು. ಇವರಿಗೆ ಬೇಜಾರಾಯಿತು, ನನಗೇನೂ ಆಗಲಿಲ್ಲ.

ಗಾಡಿಯೊಳಗಿನ ಸಂಸಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ, ಹಾಗಾಗಿ ಚಾವಣಿಯ ಕಿಂಡಿ ತೆಗೆದೇ ಸಾಸಿವೆ ಹಾಕಬೇಕು. ಚಳಿ ಅಂತ ಗಾಳಿ ಆಡುವ ತೂತುಗಳಿಗೆ ಬಟ್ಟೆ ತುರುಕಬಾರದು. ಒಳಗೆ ಗ್ಯಾಸ್ ಉರಿಯುವಾಗ ವಿಷಾನಿಲ (ಕಾರ್ಬನ್ ಮಾನಾಕ್ಸೈಡ್) ತುಂಬಿಕೊಂಡರೆ ವಾಸನೆಯೂ ಬರುವುದಿಲ್ಲ. ಕಿಂಡಿ ಒಂದಿಷ್ಟು ತೆರೆದಿದ್ದರೆ ಕಿಟಕಿಗೆ ಬೆವರು ಕೂರುವುದೂ ಕಡಿಮೆ. ಟಾಯ್ಲೆಟ್ಟಿನ ಡಬ್ಬ ಖಾಲಿ ಮಾಡುವುದು ಇವರ ಇಲಾಖೆ. ಇಬ್ಬರಿಗೆ ಎರಡು ಮೂರು ದಿನಕ್ಕೆ ತುಂಬುತ್ತದೆ, ಅದಕ್ಕೆಂದೇ ಮಾಡಿದ ಜಾಗದಲ್ಲೇ ಸುರಿಯಬೇಕು. ಒದ್ದೆ ಬಟ್ಟೆ ಒಣಗಿಸುವುದಕ್ಕೆ ಮಾತ್ರ ನಮಗೆ ಕೊನೆಯವರೆಗೂ ದಾರಿ ಸಿಗಲಿಲ್ಲ. ಸ್ನಾನದ ಮೂಲೆಯಲ್ಲಿ ನಮ್ಮಿಬ್ಬರ ಪ್ಯಾಂಟುಗಳು 12 ದಿನವೂ ನೇತಾಡುತ್ತಿದ್ದವು.

ಡರ್ನೆಸ್ ತಲುಪಿದ ಸಂಜೆ ಗಾಳಿ ಪೂರ್ತಿ ನಿಂತಿತು. ಜೂನ್ ಮೊದಲ ವಾರ, ರಾತ್ರಿ ಹತ್ತಾದರೂ ಹೊತ್ತು ಮುಳುಗಿರಲಿಲ್ಲ. ಕೆಳಗೆ ಬಿಳಿ ಮರಳು, ಹಸಿರು ನೀರು. ಮೊದಲ ಸಲ ಕುರ್ಚಿಗಳನ್ನು ಹೊರಗೆ ಹಾಕಿ ಟೀ ಹಿಡಿದು ಕೂತೆವು. ಎರಡು ಗುಟುಕು ಒಳಗೆ ಹೋಗಿರಲಿಲ್ಲ, ಕತ್ತು, ಕಿವಿ, ತಲೆಗೂದಲ ಬುಡ ಎಲ್ಲ ಉರಿಯತೊಡಗಿತು. ಮಿಡ್ಜ್ ಅಂತ, ಕಣ್ಣಿಗೂ ಸರಿಯಾಗಿ ಕಾಣದ ನುಸಿ. ಗಾಳಿ ಇದ್ದರೆ ಅವು ಹಾರುವುದಿಲ್ಲ, ನಿಂತರೆ ಮೋಡದ ಹಾಗೆ ಮುತ್ತುತ್ತವೆ. ಇಬ್ಬರೂ ಒಳಗೆ ಓಡಿ ಬಾಗಿಲು ಹಾಕಿಕೊಂಡೆವು. ಕತ್ತು ಕೆರೆಯುತ್ತಾ ಇವರು ಫೋನ್ ತೆಗೆದರು.

"ಏನು ನೋಡ್ತಿದೀರಿ?"

"ನಾಳೆಗಾದ್ರೂ ಒಂಚೂರು ಗಾಳಿ ಇದೆಯಾ ಅಂತ."