ಮಾದರಿ ಜೆಟ್‌ನ ಬಾಲಕ್ಕೆ ಆಫ್ಟರ್‌ಬರ್ನರ್ ಬೆಳಕು ಜೋಡಿಸುವ ಬಗೆ

ಯಲಹಂಕದ ವಾಯುನೆಲೆಯಲ್ಲಿ ನಡೆಯುವ ಏರೋ ಇಂಡಿಯಾದಲ್ಲಿ ತೇಜಸ್ ಅಥವಾ ಸುಖೋಯ್-30 ಮೇಲೇರುವುದನ್ನು ನೋಡಿದವರಿಗೆ, ಆಫ್ಟರ್‌ಬರ್ನರ್ ಎಂದರೆ ಬಾಲದಲ್ಲಿ ಹೊತ್ತಿಸಿದ ಕೆಂಪು ದೀಪವಲ್ಲ ಎಂಬುದು ತಿಳಿದಿರುತ್ತದೆ. ಟರ್ಬೈನನ್ನು ದಾಟಿ ಬಂದ ಬಿಸಿ ಅನಿಲದಲ್ಲಿ ಇನ್ನೂ ಉಳಿದಿರುವ ಆಮ್ಲಜನಕದೊಳಕ್ಕೆ ಮತ್ತೆ ಇಂಧನವನ್ನು ಸಿಂಪಡಿಸಿದಾಗ ಅದು ತಟ್ಟನೆ ಹೊತ್ತಿಕೊಳ್ಳುತ್ತದೆ. ಜ್ವಾಲೆ ಕಿತ್ತಳೆಯಿಂದ ನೀಲಿ-ನೇರಳೆಯವರೆಗೆ ಬಣ್ಣ ಬದಲಿಸುತ್ತ, ಒಂದು ಕ್ಷಣವೂ ನಿಶ್ಚಲವಾಗಿ ನಿಲ್ಲದೆ ನಡುಗುತ್ತಿರುತ್ತದೆ. ಮಾದರಿ ವಿಮಾನದಲ್ಲಿ ನಾವು ಅನುಕರಿಸಬೇಕಾದುದು ಈ ಹೊತ್ತಿಕೊಳ್ಳುವಿಕೆಯನ್ನು ಮತ್ತು ಈ ನಡುಕವನ್ನು.

ಇಲ್ಲಿ 70 ಮಿ.ಮೀ. ಫ್ಯಾನ್ ಇರುವ, ಬ್ಯಾಟರಿಯಿಂದ ಹಾರುವ, ಒಂದೇ ಎಂಜಿನ್ನಿನ ಫೋಮ್ ಜೆಟ್ಟನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಇದರಿಂದ ಹೊರಬರುವುದು ತಣ್ಣನೆಯ ಗಾಳಿಯಾದ್ದರಿಂದ ಎಲ್‌ಇಡಿಗೆ ಅಪಾಯವಿಲ್ಲ. ನಿಜವಾದ ಟರ್ಬೈನ್ ಇರುವ ಮಾದರಿಗೆ ಈ ವಿಧಾನ ಸಲ್ಲದು, ಅಲ್ಲಿನ ಹೊಗೆಕೊಳವೆ ಎಲ್ಲವನ್ನೂ ಸುಟ್ಟುಬಿಡುತ್ತದೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಮೀಟರಿಗೆ 144 ದೀಪಗಳಿರುವ ಡಬ್ಲ್ಯೂಎಸ್2812ಬಿ ಎಲ್‌ಇಡಿ ಪಟ್ಟಿ, ಒಂದು ಆರ್ಡುಯಿನೊ ಪ್ರೊ ಮಿನಿ ಅಥವಾ ನ್ಯಾನೊ (ಪ್ರೋಗ್ರಾಮು ತುಂಬಬಹುದಾದ ಪುಟ್ಟ ಬೋರ್ಡು, 5 ವೋಲ್ಟಿನದು), 3 ಆಂಪಿಯರಿನ ಪ್ರತ್ಯೇಕ ಯುಬೆಕ್ (ಬ್ಯಾಟರಿಯ ವೋಲ್ಟೇಜನ್ನು 5 ವೋಲ್ಟಿಗೆ ಇಳಿಸುವ ಸಾಧನ), 330 ಓಮ್ ಮತ್ತು 1 ಕಿಲೋ ಓಮ್ ರೆಸಿಸ್ಟರ್‌ಗಳು, ಒಂದು 470 ಮೈಕ್ರೊಫ್ಯಾರಡ್ ಕೆಪಾಸಿಟರ್. ಬೆಂಗಳೂರಿನವರಾದರೆ ಇವೆಲ್ಲ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿಗೆ ಸಿಗುತ್ತವೆ. ಥ್ರಾಟಲ್ (ಮೋಟಾರಿನ ವೇಗ ಏರಿಸಿ ಇಳಿಸುವ) ತಂತಿಗೆ ಸಿಕ್ಕಿಸಿದರೆ ಸಾಕು ಎನ್ನುವ ಸಿದ್ಧ ಉಂಗುರಗಳೂ ಮಾರಾಟಕ್ಕಿವೆ. ಆದರೆ ಮುಂದೆ ಹೇಳುವ ಎರಡು ಕಾರಣಗಳಿಂದ ನಾನು ಅವನ್ನು ಹಾಗೆಯೇ ಸಿಕ್ಕಿಸಲು ಒಪ್ಪುವುದಿಲ್ಲ.

ಮೊದಲನೆಯದು ವಿದ್ಯುತ್ತು. ಈ ಜಾತಿಯ ಪ್ರತಿಯೊಂದು ದೀಪವೂ ಪೂರ್ಣ ಬಿಳಿ ಬೆಳಕಿನಲ್ಲಿ 60 ಮಿಲಿಆಂಪಿಯರ್‌ವರೆಗೆ ಎಳೆಯಬಲ್ಲದು. ಕೊಳವೆಯ ಸುತ್ತ 28 ದೀಪಗಳು ಬಂದರೆ ಅದು ಸುಮಾರು 1.7 ಆಂಪಿಯರ್ ಆಗುತ್ತದೆ. ಕಿತ್ತಳೆ ಬಣ್ಣಕ್ಕಷ್ಟೇ ಸೀಮಿತಗೊಳಿಸಿದರೂ 0.7 ಆಂಪಿಯರಿನ ಆಸುಪಾಸಿನಲ್ಲಿರುತ್ತದೆ. ಮೋಟಾರಿನ ವೇಗವನ್ನು ನಿಯಂತ್ರಿಸುವ ಇಎಸ್‌ಸಿಯ ಒಳಗಿನ ಬಿಇಸಿಯಿಂದಲೇ (ರಿಸೀವರಿಗೂ ಸರ್ವೊಗಳಿಗೂ ವಿದ್ಯುತ್ತು ಕೊಡುವ ಭಾಗದಿಂದಲೇ) ಇದನ್ನು ಪಡೆದರೆ, ರೆಕ್ಕೆ-ಬಾಲದ ಭಾಗಗಳನ್ನು ಅಲುಗಿಸುವ ಸರ್ವೊಗಳೆಲ್ಲ ಒಟ್ಟಿಗೆ ಬಲ ಹಾಕುವ ಹೊತ್ತಿನಲ್ಲಿ ವೋಲ್ಟೇಜು ಕುಸಿದು, ರಿಮೋಟಿನ ಸಂಕೇತವನ್ನು ಹಿಡಿಯುವ ರಿಸೀವರ್ ಒಂದು ಗಳಿಗೆ ಕಣ್ಣು ಮುಚ್ಚಬಹುದು. ನನ್ನ ಮೊದಲ ಪ್ರಯತ್ನದಲ್ಲಿ ಹೀಗೆಯೇ ಆಯಿತು. ಪುಣ್ಯಕ್ಕೆ ವಿಮಾನ ಮೇಜಿನ ಮೇಲಿತ್ತು, ಬಾಲದ ರೆಕ್ಕೆಗಳು ಜ್ವರ ಬಂದಂತೆ ನಡುಗಿದ್ದಷ್ಟೇ. ಆದ್ದರಿಂದ ಯುಬೆಕ್ಕನ್ನು ನೇರವಾಗಿ ಮುಖ್ಯ ಬ್ಯಾಟರಿಯ ತಂತಿಗೆ, ಇಎಸ್‌ಸಿಗಿಂತ ಮೊದಲು ಜೋಡಿಸಬೇಕು. 6 ಎಸ್ ಲಿಪೊ (ಆರು ಕೋಶಗಳ ಲಿಥಿಯಂ ಬ್ಯಾಟರಿ) ಪೂರ್ತಿ ತುಂಬಿದಾಗ 25.2 ವೋಲ್ಟ್ ಇರುವುದರಿಂದ ಅದನ್ನು ತಾಳುವ ಯುಬೆಕ್ಕನ್ನೇ ಆರಿಸಬೇಕು.

ಎರಡನೆಯದು ಸಂಕೇತ. ಬಹಳ ಮಂದಿ ಥ್ರಾಟಲ್ ಚಾನೆಲ್ಲಿಗೆ ವೈ-ತಂತಿ ಹಾಕಿ ಒಂದು ಕವಲನ್ನು ಇಎಸ್‌ಸಿಗೂ ಇನ್ನೊಂದನ್ನು ದೀಪಕ್ಕೂ ಕೊಡುತ್ತಾರೆ. ಅದು ಕೆಲಸ ಮಾಡುತ್ತದೆ, ಆದರೆ ಅಲಂಕಾರದ ಒಂದು ತಂತಿ ಎಂಜಿನ್ನಿನ ತಂತಿಗೆ ಅಂಟಿಕೊಂಡಂತಾಗುತ್ತದೆ. ರಿಸೀವರಿನಲ್ಲಿ ಖಾಲಿ ಚಾನೆಲ್ ಇದ್ದರೆ ಟ್ರಾನ್ಸ್‌ಮಿಟರಿನಲ್ಲಿಯೇ ಆ ಚಾನೆಲ್ಲಿಗೆ ಥ್ರಾಟಲ್ ಕೋಲನ್ನು ಮಿಕ್ಸ್ ಮಾಡಿ (ಕೋಲಿನ ಚಲನೆ ಆ ಚಾನೆಲ್ಲಿಗೂ ಹೋಗುವಂತೆ ಹೊಂದಿಸಿ), ಅಲ್ಲಿಂದ ಸಂಕೇತವನ್ನು ಪಡೆಯುವುದೇ ಲೇಸು. ಬೇಡವಾದಾಗ ಒಂದು ಸ್ವಿಚ್ಚಿನಿಂದ ಆರಿಸುವ ಅನುಕೂಲವೂ ಇದರಿಂದ ದೊರೆಯುತ್ತದೆ. ರಿಸೀವರಿಗೆ ಹೋಗುವ ಪ್ಲಗ್ಗಿನಿಂದ ಕೆಂಪು ತಂತಿಯ ಪಿನ್ನನ್ನು ಹೊರತೆಗೆದು ಟೇಪು ಸುತ್ತಬೇಕು, ಇಲ್ಲವಾದರೆ ಎರಡು ಬೇರೆ ಬೇರೆ 5 ವೋಲ್ಟ್ ಮೂಲಗಳು ಕೂಡಿಕೊಳ್ಳುತ್ತವೆ. ನೆಲದ (ಗ್ರೌಂಡ್) ತಂತಿ ಮಾತ್ರ ಎಲ್ಲಕ್ಕೂ ಒಂದೇ ಆಗಿರಬೇಕು. ಸಂಕೇತದ ತಂತಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಇಟ್ಟರೆ ಆರ್ಡುಯಿನೊ ಕೆಟ್ಟರೂ ಆ ತಂತಿಯನ್ನು ಕೆಳಗೆಳೆಯಲಾರದು.

ಇನ್ನು ಜೋಡಣೆ. ಮಾರುಕಟ್ಟೆಯ 24 ದೀಪಗಳ ಉಂಗುರ ನೋಡಲು ಆಕರ್ಷಕವಾದರೂ, 52 ಮಿ.ಮೀ. ಒಳವ್ಯಾಸದ ಉಂಗುರವನ್ನು ಸುಮಾರು 60 ಮಿ.ಮೀ. ಬಾಯಿಯ ಕೊಳವೆಯೊಳಗೆ ಕೂರಿಸಿದರೆ ಗಾಳಿಯ ದಾರಿಯ ಕಾಲುಭಾಗವೇ ಮುಚ್ಚಿಹೋಗುತ್ತದೆ, ತಳ್ಳುವ ಬಲವೂ ಅದಕ್ಕೆ ತಕ್ಕಂತೆ ಸೋರುತ್ತದೆ. ಬದಲಿಗೆ ಕೊಳವೆಯ ತುದಿಯಿಂದ 30-40 ಮಿ.ಮೀ. ಒಳಗೆ, 15 ಮಿ.ಮೀ. ಅಗಲದ ಭಾಗವನ್ನು ಕತ್ತರಿಸಿ ತೆಗೆದು, ಅಲ್ಲಿ ಹಾಲುಬಣ್ಣದ ತೆಳು ಪ್ಲಾಸ್ಟಿಕ್ ಹಾಳೆಯ ಬಳೆಯನ್ನು ಒಳಮೈ ಸಮನಾಗಿರುವಂತೆ ಅಂಟಿಸಿ, ಪಟ್ಟಿಯನ್ನು ಅದರ ಹೊರಗಿನಿಂದ ದೀಪಗಳು ಒಳಮುಖವಾಗಿರುವಂತೆ ಸುತ್ತಬೇಕು. 62 ಮಿ.ಮೀ. ಹೊರವ್ಯಾಸಕ್ಕೆ 195 ಮಿ.ಮೀ. ಉದ್ದ, ಅಂದರೆ 28 ದೀಪಗಳು ಬೇಕಾಗುತ್ತವೆ. ಬೆಳಕು ಹೊರಗೆ ಸೋರದಂತೆ ಮೇಲೆ ಅಲ್ಯೂಮಿನಿಯಂ ಟೇಪು ಸುತ್ತುವ ಮುನ್ನ ಪಟ್ಟಿಯ ಬೆಸುಗೆಗಳ ಮೇಲೆ ಕ್ಯಾಪ್ಟಾನ್ ಟೇಪನ್ನು (ವಿದ್ಯುತ್ತು ಹರಿಯಗೊಡದ ಟೇಪು) ಹಾಕುವುದನ್ನು ಮರೆಯಬಾರದು. ಅಲ್ಯೂಮಿನಿಯಂ ತಗುಲಿದರೆ ಶಾರ್ಟ್ ಆಗುತ್ತದೆ. ಕೊಳವೆಯ ಹಿಂಭಾಗದ ಒಳಗೋಡೆಗೆ ಬೆಳ್ಳಿಬಣ್ಣ ಬಳಿದಿದ್ದರೆ ಬೆಳಕು ಅದರ ಮೇಲೆ ಹರಡಿ, ದೀಪಗಳು ಬಿಡಿಬಿಡಿಯಾಗಿ ಕಾಣದೆ ಕೊಳವೆಯೇ ಕಾದಂತೆ ತೋರುತ್ತದೆ.

ಆರ್ಡುಯಿನೊವನ್ನು ಬಾಲದಲ್ಲಿ, ಪಟ್ಟಿಯ ಪಕ್ಕದಲ್ಲಿಯೇ ಇಡುವುದು ಒಳ್ಳೆಯದು. ರಿಸೀವರಿನ ಸಂಕೇತ ಉದ್ದ ತಂತಿಯನ್ನು ಸಹಿಸುತ್ತದೆ, ಎಲ್‌ಇಡಿಯ ದತ್ತಾಂಶ ಸಹಿಸುವುದಿಲ್ಲ. ಅದು ಮೋಟಾರಿನ ತಂತಿಗಳ ಪಕ್ಕದಲ್ಲಿ ಹಾದುಹೋದರೆ ಅಲ್ಲಲ್ಲಿ ಹಸಿರು ಚುಕ್ಕೆಗಳು ಮಿಂಚತೊಡಗುತ್ತವೆ. 330 ಓಮ್ ರೆಸಿಸ್ಟರ್ ದತ್ತಾಂಶದ ತಂತಿಗೆ, ಕೆಪಾಸಿಟರ್ ಪಟ್ಟಿಯ ಪ್ಲಸ್-ಮೈನಸ್‌ಗೆ ಅಡ್ಡಲಾಗಿ ಇರಬೇಕು.

ಪ್ರೋಗ್ರಾಮಿನಲ್ಲಿ ಒಂದು ಸೂಕ್ಷ್ಮವಿದೆ. ರಿಸೀವರ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ 1000ದಿಂದ 2000 ಮೈಕ್ರೊಸೆಕೆಂಡ್ ಅಗಲದ ಸ್ಪಂದನವನ್ನು ಕಳುಹಿಸುತ್ತದೆ. ಪಟ್ಟಿಗೆ ಬಣ್ಣ ಬರೆಯಲು ದೀಪವೊಂದಕ್ಕೆ 30 ಮೈಕ್ರೊಸೆಕೆಂಡಿನಂತೆ 28ಕ್ಕೆ 840 ಮೈಕ್ರೊಸೆಕೆಂಡ್ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಆರ್ಡುಯಿನೊ ಇಂಟರಪ್ಟ್‌ಗಳಿಗೆ (ನಡುವೆ ಬಂದು ಗಮನ ಸೆಳೆಯುವ ಸಂಕೇತಗಳಿಗೆ) ಕಿವಿಗೊಡುವುದಿಲ್ಲ. ಇಂಟರಪ್ಟ್ ಮೂಲಕ ಸ್ಪಂದನವನ್ನು ಅಳೆಯುವವರ ದೀಪ ಕಾರಣವಿಲ್ಲದೆ ಹೊತ್ತಿ ಆರುವುದಕ್ಕೆ ಇದೇ ಮೂಲ. ಮೊದಲು ಪಲ್ಸ್‌ಇನ್ ಆಜ್ಞೆಯಿಂದ ಸ್ಪಂದನವನ್ನು ಅಳೆದು, ಅದು ಮುಗಿದೊಡನೆ ಬಿಡುವಿನಲ್ಲಿ ಬಣ್ಣ ಬರೆದರೆ ತೊಂದರೆಯೇ ಇರುವುದಿಲ್ಲ. 25 ಮಿಲಿಸೆಕೆಂಡಿನೊಳಗೆ ಸ್ಪಂದನ ಬಾರದಿದ್ದರೆ ಆ ಆಜ್ಞೆ ಸೊನ್ನೆ ಕೊಡುವಂತೆ ಮಾಡಿ, ಆಗ ದೀಪವನ್ನು ಆರಿಸಬೇಕು.

ಸ್ಪಂದನದ ಅಗಲ 1150 ಮೈಕ್ರೊಸೆಕೆಂಡಿನ ಕೆಳಗಿದ್ದರೆ ಕತ್ತಲೆ. ಅಲ್ಲಿಂದ 1850ರವರೆಗೆ ಕೆಂಡದಂಥ ಮಂದ ಕೆಂಪು ನಿಧಾನವಾಗಿ ಏರಲಿ. 1850 ದಾಟಿದೊಡನೆ 120 ಮಿಲಿಸೆಕೆಂಡ್ ಪೂರ್ಣ ಪ್ರಖರತೆಯ ಒಂದು ಮಿಂಚು, ಬಳಿಕ ಕಿತ್ತಳೆಯ ನಡುವೆ ನೀಲಿ ನುಸುಳುವ ನಡುಕ. ಪ್ರತಿ ದೀಪದ ಪ್ರಖರತೆಯನ್ನು ಪ್ರತಿ ಸುತ್ತಿನಲ್ಲಿಯೂ ಶೇ. 70ರಿಂದ 100ರ ನಡುವೆ ಮನಬಂದಂತೆ ಬದಲಿಸಿದರೆ ಈ ನಡುಕ ಸಿಗುತ್ತದೆ. ಆರುವ ಗಡಿಯನ್ನು 1800ಕ್ಕೆ ಇಡಬೇಕು, ಇಲ್ಲವಾದರೆ ಕೋಲು ಗಡಿಯಲ್ಲಿ ನಿಂತಾಗ ಬೆಳಕು ಕಪ್ಪೆಯಂತೆ ಕುಪ್ಪಳಿಸುತ್ತದೆ. ಕೆಂಪು ಕೇಳಿದರೆ ಹಸಿರು ಬಂದಲ್ಲಿ ಗಾಬರಿ ಬೇಡ: ಈ ದೀಪಗಳು ಬಣ್ಣವನ್ನು ಹಸಿರು, ಕೆಂಪು, ನೀಲಿ ಎಂಬ ಕ್ರಮದಲ್ಲಿ ಓದುತ್ತವೆ, ಪ್ರೋಗ್ರಾಮಿನ ಎಲ್‌ಇಡಿ ಲೈಬ್ರರಿಯಲ್ಲಿ (ಸಿದ್ಧ ಆಜ್ಞೆಗಳ ಸಂಗ್ರಹದಲ್ಲಿ) ಆ ಕ್ರಮವನ್ನು ಸೂಚಿಸಿದರೆ ಆಯಿತು.

ಮೇಜಿನ ಮೇಲೆ ಪರೀಕ್ಷಿಸುವಾಗ ಮೋಟಾರಿನ ಮೂರು ತಂತಿಗಳನ್ನು ಕಳಚಿಡಬೇಕು. ದೀಪ ನೋಡುವ ಸಂಭ್ರಮದಲ್ಲಿ ಥ್ರಾಟಲ್ ಮೇಲಕ್ಕೆ ಹೋಗುವುದು ಸಹಜ. ಆಮೇಲೆ ಸಮತೋಲ. ಭಾರಕೇಂದ್ರದಿಂದ 500 ಮಿ.ಮೀ. ಹಿಂದೆ 25 ಗ್ರಾಂ ಸೇರಿದರೆ, 300 ಮಿ.ಮೀ. ಮುಂದಿರುವ ಮೂತಿಯಲ್ಲಿ ಸುಮಾರು 42 ಗ್ರಾಂ ಬೇಕಾಗುತ್ತದೆ. ಸೀಸ ಹಾಕುವ ಮೊದಲು ಬ್ಯಾಟರಿಯನ್ನೇ ಮುಂದಕ್ಕೆ ಸರಿಸಿ ನೋಡಬೇಕು, ಬಹುತೇಕ ಫೋಮ್ ಜೆಟ್‌ಗಳಲ್ಲಿ ಅದಕ್ಕೆ ಜಾಗವಿರುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಈ ಬೆಳಕು ಹೆಚ್ಚು ಕಾಣದು. ಸೂರ್ಯ ಇಳಿದು, ವಿಮಾನದ ಆಕಾರ ಕಣ್ಣಿಗೆ ಇನ್ನೂ ಸ್ಪಷ್ಟವಾಗಿ ಕಾಣುವ ಆ ಹದಿನೈದು-ಇಪ್ಪತ್ತು ನಿಮಿಷಗಳಿಗಾಗಿಯೇ ಒಂದು ಬ್ಯಾಟರಿಯನ್ನು ತುಂಬಿಸಿ ಇಟ್ಟುಕೊಳ್ಳಿ.