ಫರ್ಲೋ ಕಾಲದಲ್ಲಿ ಓವರ್‌ಟೈಮ್: ಟ್ರಿಪ್ ಎತ್ತಿಕೊಳ್ಳುವ ಮುನ್ನ ಪೈಲಟ್ ಹಾಕಬೇಕಾದ ಲೆಕ್ಕ

ಅಮೆರಿಕದ ವಿಮಾನ ಸಂಸ್ಥೆಗಳಲ್ಲಿ ಪೈಲಟ್‌ಗೆ ಫರ್ಲೋ ಅಂದರೆ ಪೂರ್ತಿ ವಜಾ ಅಲ್ಲ. ಸಂಬಳ ನಿಲ್ಲುತ್ತದೆ, ಸೀನಿಯಾರಿಟಿ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ಮನೆಗೆ ಕಳಿಸುವುದು ಪಟ್ಟಿಯ ಬುಡದಿಂದ. ವಾಪಸ್ ಕರೆಯುವಾಗ ಹೊರಗಿರುವವರಲ್ಲಿ ಹಿರಿಯರಿಗೆ ಮೊದಲ ಕರೆ. ಹೀಗಿರುವಾಗ ಒಳಗೆ ಉಳಿದವರೊಬ್ಬರು ತಿಂಗಳಿಗೆ ಒಂದು ಟ್ರಿಪ್ ಹೆಚ್ಚು ಹಾರಿದರೂ ಸಾಕು, ವಾದ ಶುರುವಾಗುತ್ತದೆ. 'ಅದು ಕೆಳಗಿನವನ ಅನ್ನ' ಎಂದು ಒಬ್ಬರು. 'ನಾನು ಬಿಟ್ಟರೆ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ' ಎಂದು ಮತ್ತೊಬ್ಬರು. ಓವರ್‌ಟೈಮ್ ಅನ್ನುವುದು ಒಂದೇ ವಸ್ತು ಅಂದುಕೊಂಡಿರುವುದರಿಂದಲೇ ಈ ವಾದ ಮುಗಿಯುವುದಿಲ್ಲ. ಮೊದಲು ಅದನ್ನು ಬಿಡಿಸಿ ನೋಡಿ.

ಯಾವ ಬಗೆಯ ಓವರ್‌ಟೈಮ್?

ತಿಂಗಳ ಬಿಡ್ (ಹಿರಿತನದ ಕ್ರಮದಲ್ಲಿ ವೇಳಾಪಟ್ಟಿ ಆರಿಸಿಕೊಳ್ಳುವುದು) ಮುಗಿದ ಮೇಲೆ ಯಾರ ವೇಳಾಪಟ್ಟಿಗೂ ಸೇರದೆ ಉಳಿದ ಟ್ರಿಪ್‌ಗಳು ಓಪನ್ ಟೈಮ್‌ಗೆ ಬೀಳುತ್ತವೆ. ಇವುಗಳನ್ನು ಮಾಮೂಲಿ ದರಕ್ಕೆ ಎತ್ತಿಕೊಳ್ಳುವುದು ಮೊದಲ ಬಗೆ. ಕೊನೇ ಗಳಿಗೆಯಲ್ಲಿ ಯಾರೂ ಸಿಗದಾಗ ಒಂದೂವರೆ ಪಟ್ಟು ಅಥವಾ ಎರಡು ಪಟ್ಟು ದರಕ್ಕೆ ಕೊಡುವ ಪ್ರೀಮಿಯಂ ಟ್ರಿಪ್ ಎರಡನೆಯದು. ಮೂರನೆಯದು ಕಡ್ಡಾಯ: ರಜೆಯ ದಿನ ಫೋನ್ ಮಾಡಿ ಕಿರಿಯರಿಂದ ಮೇಲಕ್ಕೆ ಹಂಚುವ ಜೂನಿಯರ್ ಅಸೈನ್‌ಮೆಂಟ್, ನಡುವೆ ಟ್ರಿಪ್ ಬದಲಿಸುವ ರೀಅಸೈನ್‌ಮೆಂಟ್. ಇನ್ನೊಂದಿದೆ, ಯಾರೂ ಓವರ್‌ಟೈಮ್ ಎಂದು ಲೆಕ್ಕಕ್ಕೇ ಹಿಡಿಯದದ್ದು: ವಾರ್ಷಿಕ ರಜೆಯನ್ನು ಮಾರಿಬಿಡುವುದು. ಕೆಳಗಿನವರ ಕೆಲಸಕ್ಕೆ ಸದ್ದಿಲ್ಲದೆ ಕತ್ತರಿ ಹಾಕುವುದು ಇದೇ. ರಜೆಗೆ ಹೋಗಿದ್ದರೆ ಅದರ ಪ್ರತಿ ವಾರಕ್ಕೂ ಆ ಸೀಟಿಗೆ ಬದಲಿ ಜನ ಬೇಕಾಗುತ್ತಿತ್ತು; ಮಾರಿದ ಕೂಡಲೇ ಆ ಅಗತ್ಯವೇ ಅಳಿಸಿಹೋಗುತ್ತದೆ.

ಗಂಟೆಯನ್ನು ಹುದ್ದೆಗೆ ತಿರುಗಿಸುವ ಲೆಕ್ಕ

ಸಂಸ್ಥೆ ಪೈಲಟ್‌ಗಳ ಸಂಖ್ಯೆಯನ್ನು ಇಡಿಯಾಗಿ ನಿರ್ಧರಿಸುವುದಿಲ್ಲ. ವಿಮಾನದ ಮಾದರಿ, ಸೀಟು (ಕ್ಯಾಪ್ಟನ್ ಅಥವಾ ಫಸ್ಟ್ ಆಫೀಸರ್), ಬೇಸ್ (ಟ್ರಿಪ್ ಶುರುವಾಗುವ ಊರು) ಈ ಮೂರೂ ಸೇರಿದ ಒಂದೊಂದು ಕೆಟಗರಿಗೆ ಬೇರೆಬೇರೆಯಾಗಿ ಎಣಿಸುತ್ತದೆ. ನೀವೂ ಹಾಗೇ ಮಾಡಿ. ಒಂದು ಕೆಟಗರಿಯಲ್ಲಿ ತಿಂಗಳಿಗೆ 8,000 ಕ್ರೆಡಿಟ್ ಗಂಟೆಗಳ (ಸಂಬಳಕ್ಕೆ ಎಣಿಸುವ ಗಂಟೆಗಳ) ಹಾರಾಟವಿದೆ, ಸರಾಸರಿ ಲೈನ್, ಅಂದರೆ ಒಬ್ಬರ ತಿಂಗಳ ವೇಳಾಪಟ್ಟಿ, 80 ಗಂಟೆಯದು ಎಂದಿಟ್ಟುಕೊಳ್ಳಿ. ಲೈನ್ ಹಿಡಿಯಲು 100 ಜನ ಬೇಕು. ರಿಸರ್ವ್ (ಕರೆ ಬಂದರೆ ಹಾರಲು ಕಾದಿರುವವರು), ತರಬೇತಿ, ರಜೆ, ಅನಾರೋಗ್ಯದ ಪಾಲು ಇದರ ಮೇಲೆ. ಈಗ ಅದೇ ಕೆಲಸವನ್ನು 95 ಜನರಿಂದ ಮಾಡಿಸಬೇಕೆಂದರೆ 400 ಗಂಟೆ ಹೆಚ್ಚುವರಿಯಾಗಿ ಹಂಚಬೇಕು, ಅಂದರೆ ತಲೆಗೆ ಸುಮಾರು 4 ಗಂಟೆ 12 ನಿಮಿಷ. ಒಂದು ಚಿಕ್ಕ ಟ್ರಿಪ್‌ನಷ್ಟೂ ಅಲ್ಲ. ಆದರೂ ಅಲ್ಲಿ ಐದು ಲೈನ್ ಮಾಯ.

'ನಾನು ಕ್ಯಾಪ್ಟನ್, ಹೊರಗೆ ಹೋದವನು ಬೇರೆ ಮಾದರಿಯ ಫಸ್ಟ್ ಆಫೀಸರ್, ನನ್ನ ಟ್ರಿಪ್‌ನಿಂದ ಅವನಿಗೇನು?' ಎನ್ನುವವರುಂಟು. ಫರ್ಲೋ ಸರಪಳಿಯಾಗಿ ಇಳಿಯುತ್ತದೆ. ದೊಡ್ಡ ವಿಮಾನದಲ್ಲಿ ಹೆಚ್ಚಾದವರು ಚಿಕ್ಕದಕ್ಕೆ, ಚಿಕ್ಕದರ ಕ್ಯಾಪ್ಟನ್ ಫಸ್ಟ್ ಆಫೀಸರ್ ಕೂರುವ ಬಲ ಸೀಟಿಗೆ, ಬಲ ಸೀಟಿನ ಕಿರಿಯರು ಬೀದಿಗೆ. ಮೇಲೆ ಒಂದು ಸೀಟು ತೆರೆದರೆ ಅದೇ ಸರಪಳಿ ಹಿಂದಕ್ಕೆ ಸರಿಯುತ್ತದೆ, ಆದರೆ ಪ್ರತಿ ಕೊಂಡಿಗೂ ತರಬೇತಿಯ ಸಮಯ ಹಿಡಿಯುತ್ತದೆ. 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗದ ಪೈಲಟ್ ಅವನ್ನು ಮತ್ತೆ, ಸಾಮಾನ್ಯವಾಗಿ ಸಿಮ್ಯುಲೇಟರಿನಲ್ಲಿ, ಪೂರೈಸದೆ ಲೈನ್ ಹಾರುವಂತಿಲ್ಲ. ವಾರ್ಷಿಕ ತರಬೇತಿಯೂ ತಪ್ಪಿದ್ದರೆ ಕೆಲಸ ಇನ್ನೂ ಹೆಚ್ಚು. 'ಇದು ಒಂದೆರಡು ತಿಂಗಳ ಒತ್ತಡ, ಕರೆಸಿಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ' ಎಂದು ಸಂಸ್ಥೆ ಹೇಳುವುದು ಇದೇ ಕಾರಣಕ್ಕೆ. ಮಾತು ನಿಜವೋ ಅಲ್ಲವೋ ತಿಳಿಯಲು ಸತತ ಮೂರು ಬಿಡ್ ತಿಂಗಳ ಓಪನ್ ಟೈಮ್ ಗಂಟೆಗಳನ್ನು ಬರೆದಿಡಿ. ಹಬ್ಬದ ವಾರದಲ್ಲಿ ಏರಿ ಇಳಿದರೆ ಅದು ಒತ್ತಡ. ಮೂರೂ ತಿಂಗಳು ಒಂದೇ ಮಟ್ಟದಲ್ಲಿ ನಿಂತಿದ್ದರೆ ಅದು ಜನರ ಕೊರತೆ.

ದರವನ್ನೂ ನೋಡಿ. ಖಾತರಿ ಗಂಟೆ (ಹಾರಲಿ ಬಿಡಲಿ ಒಬ್ಬ ಪೈಲಟ್‌ಗೆ ತಿಂಗಳಿಗೆ ಸಂಬಳ ಕೊಡಲೇಬೇಕಾದ ಕನಿಷ್ಠ ಗಂಟೆ) 75 ಇದ್ದಲ್ಲಿ ಅಷ್ಟನ್ನೇ ಮಾಮೂಲಿ ದರದ ಓವರ್‌ಟೈಮ್‌ನಿಂದ ಕೊಂಡರೆ ಸಂಸ್ಥೆಗೆ ಲಾಭ: ಹೊಸ ವಿಮೆ ಇಲ್ಲ, ತರಬೇತಿ ಖರ್ಚಿಲ್ಲ. ಒಂದೂವರೆ ಪಟ್ಟಿನಲ್ಲಿ ಅದೇ ಕೆಲಸಕ್ಕೆ 112.5 ಗಂಟೆಯ ಸಂಬಳ, ಎರಡು ಪಟ್ಟಿನಲ್ಲಿ 150. ಎರಡು ಪಟ್ಟು ಕೊಟ್ಟು ತಿಂಗಳುಗಟ್ಟಲೆ ಓಡಿಸುವ ಸಂಸ್ಥೆಗೆ ವಾಪಸ್ ಕರೆಯುವುದೇ ಅಗ್ಗವಾಗುತ್ತದೆ. ಕಿರಿಯರಿಗೆ ನಿಜವಾಗಿ ಹೊಡೆತ ಕೊಡುವುದು ಮಾಮೂಲಿ ದರದ ಟ್ರಿಪ್ ಮತ್ತು ಮಾರಿದ ರಜೆ. ಬೈಗುಳವೆಲ್ಲ ಪ್ರೀಮಿಯಂ ಹಾರಿದವರಿಗೆ. ತಲೆಕೆಳಗಾದ ನ್ಯಾಯ.

ಬೇಡವೆನ್ನುವುದು ನಿಮ್ಮ ಹಕ್ಕು, ಬೇಡವೆನ್ನಿಸುವುದು ಅಲ್ಲ

ಎಲ್ಲರೂ ಎಡವುವುದು ಇಲ್ಲಿ. ಅಮೆರಿಕದ ಪೈಲಟ್‌ಗಳು 1936ರಿಂದ ರೈಲ್ವೇ ಲೇಬರ್ ಆಕ್ಟ್ ಎಂಬ ಕಾರ್ಮಿಕ ಕಾನೂನಿನ ವ್ಯಾಪ್ತಿಯಲ್ಲಿದ್ದಾರೆ. ಸಂಘ ಮತ್ತು ಸಂಸ್ಥೆಯ ನಡುವಿನ ಒಪ್ಪಂದದ ಮಾತುಕತೆ ಕಾನೂನು ಹೇಳುವ ಹಂತಗಳನ್ನೆಲ್ಲ ದಾಟುವವರೆಗೆ ಎರಡೂ ಕಡೆಯವರು ಇದ್ದ ಸ್ಥಿತಿಯನ್ನು ಕದಲಿಸಬಾರದು. ಓವರ್‌ಟೈಮ್ ಐಚ್ಛಿಕ ಎಂದು ಒಪ್ಪಂದದಲ್ಲೇ ಬರೆದಿದ್ದರೂ ಎಲ್ಲರೂ ಕೂಡಿ ನಿಲ್ಲಿಸಿದರೆ ನ್ಯಾಯಾಲಯ ಅದನ್ನು ಮುಷ್ಕರದ ಹಾಗೆಯೇ ನೋಡುತ್ತದೆ. 2001ರಲ್ಲಿ ಡೆಲ್ಟಾ ವಿಮಾನ ಸಂಸ್ಥೆಯ ಪೈಲಟ್‌ಗಳ ಓವರ್‌ಟೈಮ್ ನಿರಾಕರಣೆಯ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಸಂಸ್ಥೆಯ ಪರ ನಿಂತಿತು. 2008ರಲ್ಲಿ ಯುನೈಟೆಡ್ ವಿಮಾನ ಸಂಸ್ಥೆ 1,450 ಪೈಲಟ್‌ಗಳ ಫರ್ಲೋ ಘೋಷಿಸಿದ ಮೇಲೆ ಅನಾರೋಗ್ಯದ ರಜೆಯೂ ಓವರ್‌ಟೈಮ್ ನಿರಾಕರಣೆಯೂ ಸಂಘಟಿತವೆಂದು ಸಂಸ್ಥೆ ದಾವೆ ಹೂಡಿತು. ತಡೆಯಾಜ್ಞೆ ಸಿಕ್ಕಿತು, 2009ರಲ್ಲಿ ಮೇಲ್ಮನವಿಯಲ್ಲೂ ಉಳಿಯಿತು. 1999ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು ಒಟ್ಟಾಗಿ ಅನಾರೋಗ್ಯದ ರಜೆ ಹಾಕಿ ಕೋರ್ಟ್ ಆದೇಶ ಮೀರಿದ್ದಕ್ಕೆ ಅವರ ಸಂಘದ ಮೇಲೆ ಬಿದ್ದ ದಂಡ ಸುಮಾರು 4.5 ಕೋಟಿ ಡಾಲರ್.

ಆದ್ದರಿಂದ ಟ್ರಿಪ್ ಬೇಡವೆಂದರೆ ಬಿಡಿ, ಅಷ್ಟೇ. ಗುಂಪಿಗೆ ಸಂದೇಶ ಹಾಕಬೇಡಿ. ಯಾರು ಎತ್ತಿಕೊಂಡರು ಎಂಬ ಹೆಸರುಗಳ ಪಟ್ಟಿ ಹಂಚಬೇಡಿ; ಮುಂದೊಂದು ದಿನ ಅದು ಸಂಸ್ಥೆಯ ವಕೀಲರ ಕೈಯಲ್ಲಿರುತ್ತದೆ. ಎತ್ತಿಕೊಂಡವರ ಜೊತೆ ಕಾಕ್‌ಪಿಟ್‌ನಲ್ಲಿ ಮಾತು ಬಿಡುವುದಂತೂ ಸುರಕ್ಷತೆಗೇ ಅಪಾಯ. ಶೆಡ್ಯೂಲಿಂಗ್‌ನವರು ಕರೆ ಮಾಡಿದಾಗ ಟ್ರಿಪ್ ಐಚ್ಛಿಕವೋ ಕಡ್ಡಾಯವೋ ಎಂದು ಮೊದಲು ಕೇಳಿ. ಐಚ್ಛಿಕವಾದರೆ 'ಆಗುವುದಿಲ್ಲ' ಎಂದರೆ ಸಾಕು, ಫರ್ಲೋ ಮಾತೆತ್ತಿ ಕಾರಣ ಕೊಡಲು ಹೋಗಬೇಡಿ, ಕರೆ ಧ್ವನಿಮುದ್ರಿತ ಎಂದೇ ತಿಳಿಯಿರಿ. ಕಡ್ಡಾಯವಾದರೆ, ಒಪ್ಪಂದಕ್ಕೆ ವಿರುದ್ಧ ಎನ್ನಿಸಿದರೂ, ಮೊದಲು ಹಾರಿ ಆಮೇಲೆ ದೂರು ಕೊಡಿ.

ಕಡ್ಡಾಯಕ್ಕೂ ಮೇಲಿನದು: ದಣಿವು

ಪೈಲಟ್‌ಗಳ ಹಾರಾಟ ಮತ್ತು ವಿಶ್ರಾಂತಿಗೆ ಮಿತಿ ಹಾಕುವ ಅಮೆರಿಕದ ಪಾರ್ಟ್ 117 ನಿಯಮಗಳ ಪ್ರಕಾರ ಸತತ 672 ಗಂಟೆಗಳಲ್ಲಿ, ಅಂದರೆ 28 ದಿನಗಳಲ್ಲಿ, ಹಾರಾಟ 100 ಗಂಟೆ ದಾಟಬಾರದು. 365 ದಿನಗಳಲ್ಲಿ 1,000. ಡ್ಯೂಟಿಯ ಅವಧಿ 168 ಗಂಟೆಗಳಲ್ಲಿ 60, 672 ಗಂಟೆಗಳಲ್ಲಿ 190. ಪ್ರತಿ 168 ಗಂಟೆಗಳಲ್ಲಿ ಸತತ 30 ಗಂಟೆ ಬಿಡುವು ಬೇಕು. ಪ್ರತಿ ಡ್ಯೂಟಿಗೆ ಮುನ್ನ 10 ಗಂಟೆ ವಿಶ್ರಾಂತಿ, ಅದರಲ್ಲಿ ಅಡ್ಡಿಯಿಲ್ಲದ 8 ಗಂಟೆ ನಿದ್ದೆಗೆ ಅವಕಾಶ. ಹೆಚ್ಚುವರಿ ಟ್ರಿಪ್ ಎತ್ತಿಕೊಳ್ಳುವವರು ಎಡವುವುದು ಕ್ಯಾಲೆಂಡರ್ ತಿಂಗಳನ್ನಷ್ಟೇ ನೋಡುವುದರಿಂದ. ತಿಂಗಳ ಕೊನೆಯ ವಾರದ ಓವರ್‌ಟೈಮ್ ಮುಂದಿನ ತಿಂಗಳ ಮೊದಲ ಟ್ರಿಪ್ ಜೊತೆ ಒಂದೇ 28 ದಿನಗಳ ಲೆಕ್ಕಕ್ಕೆ ಬೀಳುತ್ತದೆ. ಕ್ರೆಡಿಟ್ ಗಂಟೆ ಬೇರೆ, ಹಾರಾಟದ ಗಂಟೆ ಬೇರೆ. ಎರಡಕ್ಕೂ ಬೇರೆ ಕಾಲಂ ಇಡಿ. ಹಾರುವ ಸ್ಥಿತಿಯಲ್ಲಿದ್ದೇನೆ ಎಂದು ಪ್ರತಿ ಹಾರಾಟಕ್ಕೂ ದೃಢಪಡಿಸಬೇಕಾದವರು ನೀವೇ, ಶೆಡ್ಯೂಲಿಂಗ್‌ನವರಲ್ಲ. ದಣಿದಿದ್ದರೆ ದಣಿವೆಂದೇ ಹೇಳಿ. ಪ್ರತಿಭಟನೆಗೆ ದಣಿವಿನ ಹೆಸರು ಬಳಸಿದರೆ ಮಾತ್ರ ಮೇಲಿನ ಪ್ರಕರಣಗಳ ಸಾಲಿಗೇ ಸೇರುತ್ತೀರಿ.

ಒತ್ತಾಯ ಮಾಡಬೇಕಾದ ಜಾಗ

ನಿಮ್ಮ ಮೂರು ತಿಂಗಳ ಲೆಕ್ಕವನ್ನು ಸಂಘದ ಪ್ರತಿನಿಧಿಗೆ ಕೊಡಿ. ಫರ್ಲೋ ಇರುವಷ್ಟು ದಿನ ಲೈನ್‌ಗೆ ಗರಿಷ್ಠ ಮಿತಿ, ರಜೆ ಮಾರಾಟಕ್ಕೆ ತಡೆ, ಇಷ್ಟು ಗಂಟೆ ಓವರ್‌ಟೈಮ್ ದಾಟಿದರೆ ಇಷ್ಟು ಜನರನ್ನು ಕರೆಯಲೇಬೇಕೆಂಬ ಷರತ್ತು, ಸ್ವಇಚ್ಛೆಯ ದೀರ್ಘ ರಜೆ: ಇವೆಲ್ಲ ಒಪ್ಪಂದದ ಪತ್ರದಲ್ಲಿ ಬರೆಸಬಹುದಾದವು. ಸಂಘ ಮತ್ತು ಸಂಸ್ಥೆ ಸಹಿ ಹಾಕಿದ ಮಿತಿ ಕಾನೂನುಬದ್ಧ. ಅದೇ ಮಿತಿಯನ್ನು ಪೈಲಟ್‌ಗಳೇ ಗುಟ್ಟಾಗಿ ಪಾಲಿಸಿದರೆ ಕಾನೂನುಬಾಹಿರ. 2020ರಲ್ಲಿ ಯುನೈಟೆಡ್ ಪೈಲಟ್‌ಗಳು ಕನಿಷ್ಠ ಗಂಟೆಗಳನ್ನು ಇಳಿಸಿಕೊಂಡು ಸುಮಾರು 2,850 ಫರ್ಲೋಗಳನ್ನು ತಡೆದದ್ದು ಇಂಥ ಪತ್ರದಿಂದಲೇ. ಖಾತರಿ ಇಳಿಸುವ ಪತ್ರಕ್ಕೆ ಮತ ಹಾಕುವ ಮುನ್ನ ಓವರ್‌ಟೈಮ್ ಷರತ್ತು ಅದರಲ್ಲಿದೆಯೇ ಹುಡುಕಿ. ಇಲ್ಲದಿದ್ದರೆ ಎಲ್ಲರ ಖಾತರಿಯಿಂದ ಕಡಿದ ಗಂಟೆಗಳು ಓಪನ್ ಟೈಮ್ ಮೂಲಕ ಕೆಲವೇ ಹಿರಿಯರ ಜೇಬಿಗೆ ಮರಳುತ್ತವೆ.