ನೂರು ವರ್ಷ ಹಿಂದಿನ ಲಂಡನ್ನಿನಲ್ಲಿ ರೋಗದ ಜಾಡು ಹಿಡಿಯುವುದು ಹೇಗೆ?

ಹಳೆಯ ಆರೋಗ್ಯ ವರದಿಗಳನ್ನು ಓದಿ ಬರೆಯುವವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಸತ್ತವರನ್ನು ತಪ್ಪು ಊರಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್ ಇಟ್ಟುಕೊಂಡು ಸರಿಯಾದ ದಾರಿ ನೋಡೋಣ.

ಮೊದಲು ವರದಿ ತೆಗೆಯಿರಿ. ಲಂಡನ್ನಿನ ಆರೋಗ್ಯಾಧಿಕಾರಿಗಳ 1848ರಿಂದ 1972ರವರೆಗಿನ ವರದಿಗಳನ್ನು ವೆಲ್‌ಕಮ್ ಗ್ರಂಥಾಲಯ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ.

ಆಮೇಲೆ, ಯಾವ ರೋಗವನ್ನು ವರದಿ ಮಾಡಲೇಬೇಕಿತ್ತು ಅಂತ ನೋಡಿ. 1889ರ ಕಾಯ್ದೆಯಲ್ಲಿ ಸಿಡುಬು, ಗಂಟಲಮಾರಿ, ಟೈಫಾಯ್ಡ್ ಇದ್ದವು. ದಡಾರ ಇರಲಿಲ್ಲ. ಅದನ್ನು ವರದಿ ಮಾಡುವುದು ಇಂಗ್ಲೆಂಡಿನಾದ್ಯಂತ ಕಡ್ಡಾಯವಾದದ್ದು 1916ರಲ್ಲಿ. ಅಂದರೆ ಅದಕ್ಕೂ ಮೊದಲು ಕೋಷ್ಟಕದಲ್ಲಿ ದಡಾರ ಕಾಣದಿದ್ದರೆ ಮಕ್ಕಳಿಗೆ ದಡಾರ ಬರಲಿಲ್ಲ ಅಂತಲ್ಲ. ಸಾವಿನ ಪಟ್ಟಿಯಲ್ಲಿ ಹುಡುಕಿ, ಸಿಗುತ್ತದೆ.

ಈಗ ಕಷ್ಟದ ಹಂತ. ನಿಧಾನವಾಗಿ ಮಾಡಿ.

1901–02ರಲ್ಲಿ ಲಂಡನ್ನಿಗೆ ಸಿಡುಬು ಬಂತು. ರೋಗಿಗಳನ್ನು ಸ್ಟೀಮರಿನಲ್ಲಿ ಥೇಮ್ಸ್ ನದಿ ಹರಿಯುವ ದಿಕ್ಕಿನಲ್ಲಿ ಮುಂದೆ, ಡಾರ್ಟ್‌ಫರ್ಡ್ ಹತ್ತಿರ ನಿಲ್ಲಿಸಿದ್ದ ಆಸ್ಪತ್ರೆ ಹಡಗುಗಳಿಗೆ ಒಯ್ಯುತ್ತಿದ್ದರು. ಬೆತ್ನಲ್ ಗ್ರೀನಿನ ಮಗು ಅಲ್ಲಿ ತೀರಿಕೊಂಡರೆ ಸಾವು ದಾಖಲಾಗುವುದು ಕೆಂಟ್ ಪ್ರಾಂತದಲ್ಲಿ. ಲೆಕ್ಕದಲ್ಲಿ ಆ ಮಗುವನ್ನು ನೀವು ಮನೆಗೆ ಕರೆತರಬೇಕು, ಅಲ್ವಾ? ಇದಕ್ಕೆ ತಿರುಗಾಮುರುಗಾ ಕೂಡ ಇದೆ. ವಿಕ್ಟೋರಿಯಾ ಪಾರ್ಕಿನ ಎದೆ ರೋಗಗಳ ಆಸ್ಪತ್ರೆ ಇದ್ದದ್ದು ಬೆತ್ನಲ್ ಗ್ರೀನಿನಲ್ಲೇ. ಬೇರೆ ಕಡೆಯಿಂದ ಬಂದ ಕ್ಷಯರೋಗಿಗಳು ಅಲ್ಲಿ ಸತ್ತರೆ ಅವರನ್ನು ಕಳೆಯಬೇಕು. ಆದ್ದರಿಂದ ಪ್ರತಿ ಕೋಷ್ಟಕದ ತಲೆಬರಹ, ಅಡಿಟಿಪ್ಪಣಿ ಎರಡನ್ನೂ ಓದಿ. 'ಇಲ್ಲಿನ ನಿವಾಸಿಗಳು, ಎಲ್ಲೇ ಸತ್ತಿರಲಿ' ಎಂಬ ಅರ್ಥದ ಸಾಲು ಇದ್ದರೆ ಆ ಅಂಕಿ ತೆಗೆದುಕೊಳ್ಳಿ. 1911ರಿಂದ ಸಾವುಗಳನ್ನು ವಾಸದ ಊರಿಗೆ ಸೇರಿಸುವ ಕೆಲಸ ಜನನ-ಮರಣ ನೋಂದಣಿಯ ಕೇಂದ್ರ ಕಚೇರಿಯಲ್ಲೇ ನಡೆಯಿತು. ಅದರ ಹಿಂದಿನ, ಮುಂದಿನ ಅಂಕಿಗಳನ್ನು ಸುಮ್ನೆ ಒಂದೇ ಗೆರೆಯಲ್ಲಿ ಜೋಡಿಸಬೇಡಿ.

ಸ್ಕ್ಯಾನ್ ಪುಟದಿಂದ ತಾನೇ ಕೋಷ್ಟಕ ಎತ್ತಿಕೊಡುವ ಸಾಫ್ಟ್‌ವೇರ್ ನಂಬಬೇಡಿ. 3 ಇದ್ದದ್ದು 8 ಆಗುತ್ತದೆ. ಗೆರೆ ಪುಸ್ತಕ, ಪೆನ್ಸಿಲ್ ಇಟ್ಟುಕೊಂಡು ಕೈಯಲ್ಲೇ ಬರೆದುಕೊಳ್ಳಿ.

ಕೊನೆಗೆ ಸಾವನ್ನು ಸಾವಿರದಿಂದ ಗುಣಿಸಿ ಜನಸಂಖ್ಯೆಯಿಂದ ಭಾಗಿಸಿ; ಸಾವಿರ ಜನಕ್ಕೆ ಎಷ್ಟು ಸಾವು ಅಂತ ಸಿಗುತ್ತದೆ. ಈ ಕಾಲದಲ್ಲಿ ಜನಗಣತಿ ಆದದ್ದು 1901, 1911, 1921ರಲ್ಲಿ ಮಾತ್ರ. ನಡುವಿನ ವರ್ಷಗಳದ್ದು ಅಂದಾಜು. ಆ ಸಾಲುಗಳ ಪಕ್ಕ ಒಂದು ಗುರುತು ಹಾಕಿಡಿ.